ಸಾವನದುರ್ಗದ ಪ್ರಿಂಟಿನ ಮೂಲೆಯಲ್ಲಿರುವ ‘ಹೋಮ್’ ಯಾರು?

ಪ್ರಶ್ನೆ: ನಮ್ಮ ಊರು ಮಾಗಡಿ ಕಡೆ. ಮಗ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಸಾವನದುರ್ಗದ ಕಪ್ಪು-ಬಿಳುಪು ಚಿತ್ರವೊಂದನ್ನು ಫ್ರೇಮ್ ಸಮೇತ ತಂದಿದ್ದಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹೋಮ್ ಎಂಬ ಹೆಸರಿದೆ, 1794 ಅಂತ ಇಸವಿ ಇದೆ. ‘ಟಿಪ್ಪು ಕಾಲದ ಬ್ರಿಟಿಷ್ ಮಿಲಿಟರಿ ಆಫೀಸರ್ ಬರೆದದ್ದು, ಒರಿಜಿನಲ್’ ಎಂದು ಅಂಗಡಿಯವರು ಹೇಳಿದರಂತೆ. ಈ ಹೋಮ್ ಸಿಪಾಯಿಯೋ, ಚಿತ್ರಗಾರನೋ? ನಮ್ಮ ಬೆಟ್ಟಕೋಟೆಗಳನ್ನು ಬಿಟ್ಟು ಬೇರೇನಾದರೂ ಬರೆದಿದ್ದಾನೆಯೇ? ಗೆದ್ದವರ ಕಡೆಯವನು ಬರೆದ ಚಿತ್ರವನ್ನು ನಂಬಬಹುದೇ? ನಮ್ಮ ಪ್ರಿಂಟು ಅಸಲಿ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಉತ್ತರ: ಅಂಗಡಿಯವರ ಮಾತಿನಲ್ಲಿ ‘ಟಿಪ್ಪು ಕಾಲದ’ ಎಂಬುದಷ್ಟೇ ಖಚಿತ. ರಾಬರ್ಟ್ ಹೋಮ್ ಮಿಲಿಟರಿ ಆಫೀಸರ್ ಆಗಿರಲಿಲ್ಲ. ಲಂಡನ್, ರೋಮ್‌ಗಳಲ್ಲಿ ಕಲಿತು, ಚಿತ್ರ ಬರೆದೇ ಹೊಟ್ಟೆ ಹೊರೆದ ವೃತ್ತಿಪರ ಕಲಾವಿದ. ತಪ್ಪಿಗೆ ಕಾರಣವೂ ಇದೆ. ಅದೇ ವರ್ಷಗಳಲ್ಲಿ ಮೈಸೂರು ಸೀಮೆಯ ಚಿತ್ರಗಳನ್ನು ಬರೆದವರಲ್ಲಿ ಹೆಚ್ಚಿನವರು ನಿಜಕ್ಕೂ ಸೇನೆಯವರೇ: ಕೋಲ್‌ಬ್ರೂಕ್, ಅಲೆಗ್ಸಾಂಡರ್ ಅಲನ್, ಜೇಮ್ಸ್ ಹಂಟರ್. ಸಂಜೆ ಬಿಡುವಿನಲ್ಲಿ ಡೇರೆಯ ಮುಂದೆ ಕೂತು ಬಣ್ಣ ಹಾಕುತ್ತಿದ್ದವರು ಅವರು. ಬೆಟ್ಟ ಹತ್ತುವ ದಾರಿ, ಫಿರಂಗಿ ಇಡುವ ಜಾಗ ಗುರುತಿಸಲು ಚಿತ್ರ ಬರೆಯುವುದನ್ನು ಆಗಿನ ಸೇನೆಯೇ ಕಲಿಸುತ್ತಿತ್ತು. ಹೋಮ್ ಅವರ ಜೊತೆ ನಡೆದವನು, ಅವರಲ್ಲೊಬ್ಬನಲ್ಲ.

ನಿಮ್ಮ ಎರಡನೇ ಪ್ರಶ್ನೆಗೇ ನಾನು ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಕಡೆ ಹೋಮ್ ಅಂದರೆ ಬೆಂಗಳೂರು ಕೋಟೆ, ಶ್ರೀರಂಗಪಟ್ಟಣ, ಅಷ್ಟಕ್ಕೆ ಮುಗಿಯಿತು. ಎಂಬತ್ತು ದಾಟಿ ಬದುಕಿದವನ ಆಯುಷ್ಯದಲ್ಲಿ ಮೈಸೂರಿನ ದಂಡಯಾತ್ರೆ ಒಂದು ವರ್ಷದ ಮೇಲೆ ಸ್ವಲ್ಪ ದಿನಗಳದ್ದು, ಅಷ್ಟೇ. ಅದರ ಹಿಂದೆ ಮುಂದೆ ಏನಿತ್ತು ಎಂದು ನೋಡದೆ ನಿಮ್ಮ ಗೋಡೆಯ ಮೇಲಿನ ಸಾವನದುರ್ಗ ಅರ್ಥವಾಗುವುದಿಲ್ಲ.

ಹೋಮ್ ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ. ಅಪ್ಪ ಸೇನೆಯ ಶಸ್ತ್ರವೈದ್ಯ. ಮನೆತನವೇ ಕತ್ತಿ, ಸೂಜಿ, ಮೂಳೆಗಳದ್ದು. ಅಕ್ಕ ಆನ್ ಕವಯಿತ್ರಿ. ಸಂಗೀತಗಾರ ಹೈಡನ್ ಅವಳ ಹಾಡುಗಳಿಗೆ ರಾಗ ಹಾಕಿದ. ಅವಳ ಗಂಡ ಜಾನ್ ಹಂಟರ್, ಆ ಕಾಲದ ಅತಿ ದೊಡ್ಡ ಅಂಗರಚನಾ ಶಾಸ್ತ್ರಜ್ಞ. ತಮ್ಮ ಎವರಾರ್ಡ್ ಹೋಮ್ ಭಾವನ ಕೈಕೆಳಗೆ ಕಲಿತು ದೊಡ್ಡ ಸರ್ಜನ್ ಆದ, ಆಮೇಲೆ ಅದೇ ಭಾವನ ಹಸ್ತಪ್ರತಿಗಳನ್ನು ಸುಟ್ಟು ಕೆಟ್ಟ ಹೆಸರನ್ನೂ ಪಡೆದ. ಇಂಥ ಮನೆಯಲ್ಲಿ ರಾಬರ್ಟ್ ಒಬ್ಬ ಕುಂಚ ಹಿಡಿದ. ಭಾವ ಹಂಟರನ ಭಾವಚಿತ್ರವನ್ನೂ ಬರೆದ. ಮುಂದೆ ಕಲ್ಕತ್ತದಲ್ಲಿ ಅವನು ಹಕ್ಕಿ, ಹಾವು, ಪ್ರಾಣಿಗಳನ್ನು ಬರೆಯಲು ಕೂತಾಗ ಈ ಮನೆಯ ಗಾಳಿ ಎಲ್ಲೋ ಕೆಲಸ ಮಾಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಹಂಟರನ ಮನೆಯೆಂದರೆ ಅರ್ಧ ಮ್ಯೂಸಿಯಂ, ಅರ್ಧ ಕಸಾಯಿಖಾನೆ.

ಅವನಿಗೆ ದಾರಿ ತೋರಿಸಿದವಳು ಲಂಡನ್ನಿನ ರಾಯಲ್ ಅಕಾಡೆಮಿಯನ್ನು ಕಟ್ಟಿದವರಲ್ಲಿ ಒಬ್ಬಳಾದ ಆಂಜೆಲಿಕಾ ಕೌಫ್‌ಮನ್. ಆಕೆಯ ಬಳಿ ಕಲಿತು, 1773ರಿಂದ ನಾಲ್ಕು ವರ್ಷ ರೋಮ್‌ನಲ್ಲಿದ್ದು, ಆಮೇಲೆ ಐರ್ಲೆಂಡಿನ ಡಬ್ಲಿನ್‌ಗೆ ಹೋದ. ಅಲ್ಲಿನ ಟ್ರಿನಿಟಿ ಕಾಲೇಜಿನ ಪರೀಕ್ಷಾ ಭವನದಲ್ಲಿ ಅವನು ಬರೆದ ದೊಡ್ಡವರ ಚಿತ್ರಗಳು ಇವತ್ತಿಗೂ ತೂಗುತ್ತಿವೆ. ಅವುಗಳಲ್ಲಿ ಕೆಲವು ಎಂದೋ ಸತ್ತುಹೋದವರವು. ಇದ್ದ ಹಳೇ ಚಿತ್ರ ನೋಡಿ ಹೊಸದು ಬರೆಯುವ ಕೆಲಸ. ಕಲಾವಿದರಿಗೆ ಬೇಸರ ತರಿಸುವಂಥದ್ದು, ಆದರೆ ದುಡ್ಡು ಬರುವಂಥದ್ದು.

ಇಲ್ಲಿಂದ ಹೋಮ್‌ನ ಬದುಕಿನಲ್ಲಿ ನನಗೊಂದು ವರಸೆ ಕಾಣುತ್ತದೆ. 1787ರಲ್ಲಿ ಗಿಲ್ಬರ್ಟ್ ಸ್ಟುವರ್ಟ್ ಎಂಬ ಅಮೆರಿಕದ ಭಾವಚಿತ್ರಕಾರ ಡಬ್ಲಿನ್‌ಗೆ ಬಂದ. ಕೈಚಳಕದಲ್ಲಿ ಹೋಮ್‌ಗಿಂತ ಮೇಲು, ಮಾತಿನಲ್ಲೂ ಮೇಲು. ಎರಡು ವರ್ಷದಲ್ಲಿ ಹೋಮ್ ಡಬ್ಲಿನ್ ಬಿಟ್ಟ. ಲಂಡನ್ನಿನಲ್ಲಿ ರೆನಾಲ್ಡ್ಸ್, ರೊಮ್ನಿಯಂಥ ಭಾವಚಿತ್ರಕಾರರ ಹೆಸರು ಭದ್ರವಾಗಿತ್ತು, ಎಳೆಯ ಲಾರೆನ್ಸ್ ಆಗಲೇ ತಲೆ ಎತ್ತುತ್ತಿದ್ದ. ಹೋಮ್ ಹಡಗು ಹತ್ತಿದ. 1791ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದಾಗ ಅವನಿಗೆ ಮೂವತ್ತೆಂಟು. ಅಲ್ಲಿ ಜಾನ್ ಸ್ಮಾರ್ಟ್ ಇದ್ದ, ಆದರೆ ಅವನು ದಂತದ ಬಿಲ್ಲೆಯ ಮೇಲೆ ಅಂಗೈಯಗಲದ ಚಿತ್ರ ಬರೆಯುವವನು. ದೊಡ್ಡ ಕ್ಯಾನ್ವಾಸಿನ ಕುರ್ಚಿ ಖಾಲಿ ಇತ್ತು. ಮುಂದೆಯೂ ಹೀಗೇ: ಕಲ್ಕತ್ತದಿಂದ ಡೆವಿಸ್ ಎಂಬ ಕಲಾವಿದ 1795ರಲ್ಲಿ ಊರಿಗೆ ಹೊರಟ, ಅದೇ ವರ್ಷ ಹೋಮ್ ಮದರಾಸು ಬಿಟ್ಟು ಕಲ್ಕತ್ತ ಸೇರಿದ. ಜಾರ್ಜ್ ಚಿನ್ನರಿ ಎಂಬ ಇನ್ನೊಬ್ಬ ಚಿತ್ರಗಾರ ಢಾಕಾದಿಂದ ಬಂದು 1812ರ ಸುಮಾರಿಗೆ ಕಲ್ಕತ್ತದಲ್ಲಿ ನೆಲೆ ನಿಂತ, 1814ರಲ್ಲಿ ಹೋಮ್ ಲಖನೌಗೆ ಹೊರಟ. ಇದನ್ನು ಅಳುಕು ಎಂದು ಕರೆಯುವವರು ಕರೆಯಲಿ. ತನ್ನ ಕೈಗೆ ಏನು ಬೆಲೆ, ಎಲ್ಲಿ ಬೆಲೆ ಎಂದು ಬಲ್ಲ ಕಸುಬುದಾರನ ಲೆಕ್ಕ ಎಂದು ನಾನು ಓದುತ್ತೇನೆ. ಅವನ ಕೆಲಸ ಇಷ್ಟು ಬಗೆಬಗೆಯಾಗಿರುವುದಕ್ಕೂ ಇದೇ ಮೂಲ. ಪ್ರತಿ ಊರಲ್ಲಿ ಗಿರಾಕಿ ಬೇರೆ, ಗಿರಾಕಿ ಕೇಳುವುದು ಬೇರೆ.

ಇನ್ನು ಮೈಸೂರು. ಹೋಮ್ ಬಂದ ಹೊತ್ತಿಗೆ ಮೂರನೇ ಮೈಸೂರು ಯುದ್ಧ ನಡೆಯುತ್ತಿತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೇನೆಯ ಮುಂದೆ ನಿಂತಿದ್ದ. ದಂಡಿನ ಜೊತೆ ಹೋಗಲು ಹೋಮ್‌ಗೆ ಅನುಮತಿ ಸಿಕ್ಕಿತು. ಯಾಕೆ ಕೇಳಿದ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೈದರ್ ಮತ್ತು ಟಿಪ್ಪುವಿನ ಹೆಸರು ಲಂಡನ್ನಿನ ಮನೆಮನೆಯಲ್ಲಿ ಓಡಾಡುತ್ತಿದ್ದ ಕಾಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರಿಗಾದ ಸೋಲು, ಶ್ರೀರಂಗಪಟ್ಟಣದ ಸೆರೆಮನೆಗಳ ಕಥೆಗಳು ಅಲ್ಲಿ ಪುಸ್ತಕಗಳಾಗಿ ಮಾರಾಟವಾಗುತ್ತಿದ್ದವು. ಆ ಸೀಮೆ ಹೇಗಿದೆ ಎಂದು ಕಣ್ಣಾರೆ ನೋಡಿ ಬರೆದವನಿಗೆ ಗಿರಾಕಿ ಸಿಕ್ಕೇ ಸಿಗುತ್ತಾರೆ.

ಈ ಓಡಾಟದಿಂದ ಹುಟ್ಟಿದ್ದು ಎರಡು ಬಗೆಯ ಕೆಲಸ. ಒಂದು, ನಿಮ್ಮ ಪ್ರಿಂಟು ಸೇರಿದ ಬಗೆ: ಸ್ಥಳಚಿತ್ರಗಳು. ಇವು 1794ರಲ್ಲಿ ಲಂಡನ್ನಿನ ಬೋಯರ್ ಎಂಬ ಪ್ರಕಾಶಕನಿಂದ ‘ಮೈಸೂರಿನ ಆಯ್ದ ನೋಟಗಳು’ ಎಂಬ ಅರ್ಥದ ಹೆಸರಿನ ಪುಸ್ತಕವಾಗಿ ಬಂದವು. ಬೆಂಗಳೂರು, ಸಾವನದುರ್ಗ, ಶಿವಗಂಗೆ, ಹುತ್ರಿದುರ್ಗ, ರಾಮಗಿರಿ, ಶ್ರೀರಂಗಪಟ್ಟಣ ಎಲ್ಲ ಅದರಲ್ಲಿವೆ. ಹೆಸರುಗಳ ಕಾಗುಣಿತ ನೋಡಿದರೆ ನಗು ಬರುತ್ತದೆ. ಹುತ್ರಿದುರ್ಗ ಅಲ್ಲಿ ‘ಊಟ್ರಾಡ್ರೂಗ್’. ಲಾಲ್‌ಬಾಗಿನ ಚಿತ್ರವೂ ಉಂಟು, ಆದರೆ ಬೆಂಗಳೂರಿನದು ಎಂದುಕೊಂಡು ಅನೇಕರು ಮೋಸ ಹೋಗಿದ್ದಾರೆ. ಅದು ಶ್ರೀರಂಗಪಟ್ಟಣದ ಲಾಲ್‌ಬಾಗ್, ಕಾಣುವುದು ಹೈದರನ ಗುಂಬಜ್. ಬೆಂಗಳೂರು ಕೋಟೆಯ ಹತ್ತಿರ ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಹೂತ ಸ್ಮಶಾನದ ಚಿತ್ರವೂ ಇದೆ. ಆ ಸ್ಮಶಾನ ಇವತ್ತು ಇಲ್ಲ. ನಗರ ಅದನ್ನು ನುಂಗಿಹಾಕಿತು. ಹಾಗಾಗಿ ಆ ಒಂದು ಹಾಳೆ ಈಗ ದಾಖಲೆಯೇ ಆಗಿದೆ. 1796ರಲ್ಲಿ ಶ್ರೀರಂಗಪಟ್ಟಣವೊಂದರ ಬಗ್ಗೆಯೇ ಇನ್ನೊಂದು ಪುಸ್ತಕ ಬಂತು.

ಎರಡನೆಯದು ದೊಡ್ಡ ತೈಲವರ್ಣಗಳು. ಮದರಾಸಿಗೆ ಮರಳಿ, ನಿಧಾನವಾಗಿ ಕೂತು ಬರೆದವು. ಎರಡು ಮುಖ್ಯ, ಎರಡೂ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿವೆ.

ಮೊದಲನೆಯದರ ವಿಷಯ ಬೆಂಗಳೂರು ಪೇಟೆಯ ಬಾಗಿಲಲ್ಲಿ 1791ರ ಮಾರ್ಚ್ 7ರಂದು ನಡೆದ ಕಾಳಗ. ಮದರಾಸ್ ಫಿರಂಗಿ ದಳದ ಕರ್ನಲ್ ಮೂರ್‌ಹೌಸ್ ಗುಂಡು ತಗುಲಿ ಬಿದ್ದಿದ್ದಾನೆ, ಸಂಗಡಿಗರು ಆತುಕೊಂಡಿದ್ದಾರೆ. ಇಪ್ಪತ್ತು ವರ್ಷ ಹಿಂದೆ ಬೆಂಜಮಿನ್ ವೆಸ್ಟ್ ಎಂಬಾತ ಕ್ವಿಬೆಕ್ ಕದನದಲ್ಲಿ ಸತ್ತ ಜನರಲ್ ವುಲ್ಫ್‌ನ ಚಿತ್ರ ಬರೆದು ಲಂಡನ್ನನ್ನೇ ಬೆರಗುಗೊಳಿಸಿದ್ದ. ಅದರಲ್ಲಿ ಸಾಯುತ್ತಿರುವ ವೀರನನ್ನು ಶಿಲುಬೆಯಿಂದ ಇಳಿಸಿದ ಕ್ರಿಸ್ತನ ಹಾಗೆ ಒರಗಿಸಿದ್ದ. ಹೋಮ್ ಆ ಅಚ್ಚನ್ನೇ ಎತ್ತಿಕೊಂಡು ಬೆಂಗಳೂರಿಗೆ ತಂದ. ಕಾಳಗದ ಗಲಾಟೆ ಸುತ್ತ ಇದ್ದರೂ ಬೆಳಕೆಲ್ಲ ಬಿದ್ದವನ ಮೇಲೆ. ನೋಡುವವನಿಗೆ ಮರುಕ ಯಾರ ಮೇಲೆ ಹುಟ್ಟಬೇಕು ಎಂಬುದು ಮೊದಲೇ ತೀರ್ಮಾನವಾಗಿದೆ. ಅದೇ ತಿಂಗಳ 21ರಂದು ಕೋಟೆ ಬಿದ್ದಾಗ ಅದನ್ನು ಕಾಯುತ್ತಲೇ ಸತ್ತವನು ಕಿಲ್ಲೇದಾರ ಬಹಾದ್ದೂರ್ ಖಾನ್. ಶತ್ರುಗಳೇ ಮೆಚ್ಚಿದ ಮುದುಕ. ಹೋಮ್‌ಗೆ ಹೆಸರು ತಂದ ಚಿತ್ರ ಅವನದಲ್ಲ, ಮೂರ್‌ಹೌಸ್‌ನದು. ‘ನಂಬಬಹುದೇ’ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಚಿತ್ರದಲ್ಲಿರುವುದು ಸುಳ್ಳು ಅಂತಲ್ಲ, ಚಿತ್ರಕ್ಕೆ ಯಾರನ್ನು ಆರಿಸಿಕೊಂಡರು ಎಂಬುದರಲ್ಲೇ ಪಕ್ಷ ಅಡಗಿರುತ್ತದೆ.

ಎರಡನೆಯದು ಎಲ್ಲರಿಗೂ ಗೊತ್ತಿರುವ ಸಂದರ್ಭ. 1792ರ ಫೆಬ್ರವರಿ ಕೊನೆಯಲ್ಲಿ ಶ್ರೀರಂಗಪಟ್ಟಣದ ಹೊರಗಿನ ಇಂಗ್ಲಿಷ್ ಪಾಳೆಯದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕಾರ್ನ್‌ವಾಲಿಸ್‌ಗೆ ಒಪ್ಪಿಸಿದ್ದು. ಅಬ್ದುಲ್ ಖಾಲಿಕ್‌ಗೆ ಹತ್ತು ವರ್ಷದ ಆಸುಪಾಸು, ಮುಯಿಜುದ್ದೀನ್‌ಗೆ ಎಂಟು. ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ ಕೊಡುವ ಕರಾರಿಗೆ ಮಕ್ಕಳೇ ಜಾಮೀನು. ಲಂಡನ್ನಿನಲ್ಲಿ ಈ ದೃಶ್ಯಕ್ಕೆ ಹುಚ್ಚು ಹಿಡಿದಂತಾಯಿತು. ಮಾದರ್ ಬ್ರೌನ್, ಹೆನ್ರಿ ಸಿಂಗಲ್‌ಟನ್ ಮುಂತಾದವರು ಹಿಂದೂಸ್ಥಾನದ ಮುಖವನ್ನೇ ನೋಡದೆ ತಮ್ಮ ಸ್ಟುಡಿಯೋದಲ್ಲಿ ಕೂತು ಪೇಟ, ಆನೆ, ಡೇರೆ ಎಲ್ಲ ಕಲ್ಪಿಸಿಕೊಂಡು ಬರೆದು ಅಚ್ಚು ಹಾಕಿಸಿ ಮಾರಿದರು. ಹೋಮ್ ಮಾತ್ರ ‘ನಾನು ಅಲ್ಲಿದ್ದೆ’ ಎಂದು ಹೇಳಿಕೊಳ್ಳಬಲ್ಲವನಾಗಿದ್ದ, ಹೇಳಿಯೂ ಬಿಟ್ಟ. ಚಿತ್ರದ ಎಡಗಡೆ ಕಂಕುಳಲ್ಲಿ ಚಿತ್ರದ ಹಾಳೆಗಳ ಕಟ್ಟು ಹಿಡಿದು ನಿಂತಿರುವ ಒಬ್ಬ ಬಿಳಿಯ ಇದ್ದಾನಲ್ಲ, ಅದು ಸ್ವತಃ ಹೋಮ್. ಸಹಿ ಹಾಕುವ ಬದಲು ತನ್ನನ್ನೇ ನಿಲ್ಲಿಸಿಬಿಟ್ಟಿದ್ದಾನೆ. ಕಂಡದ್ದನ್ನು ಬರೆದಿದ್ದೇನೆ, ಬೇಕಾದರೆ ನನ್ನನ್ನೇ ಕೇಳಿ ಎನ್ನುವ ಹಾಗೆ.

ಆದರೂ ಅವನ ಕಾರ್ನ್‌ವಾಲಿಸ್ ಲಂಡನ್ನಿನವರ ಕಾರ್ನ್‌ವಾಲಿಸ್‌ನ ಹಾಗೇ ಮಕ್ಕಳ ಕೈ ಹಿಡಿದ ದಯಾಳು ಹಿರಿಯ. ಎದುರಿಗಿದ್ದು ನೋಡಿದವನೂ ನೋಡದವನೂ ಒಂದೇ ಕಥೆ ಹೇಳಿದರು. ಬಟ್ಟೆ, ಮುಖ, ಡೇರೆಯ ವಿವರದಲ್ಲಿ ಹೋಮ್‌ನನ್ನು ಹೆಚ್ಚು ನಂಬಿ; ಭಾವದಲ್ಲಿ ಅವನೂ ಅವರಷ್ಟೇ. ಆ ಹುಡುಗರನ್ನು ಮದರಾಸಿಗೆ ಕರೆದೊಯ್ದು, 1794ರ ಮಾರ್ಚಿನಲ್ಲಿ ದೇವನಹಳ್ಳಿಯಲ್ಲಿ ಅಪ್ಪನಿಗೆ ಮರಳಿ ಒಪ್ಪಿಸಿದರು. ಅವರು ಮದರಾಸಿನಲ್ಲಿದ್ದ ಅಷ್ಟೂ ಕಾಲ ಹೋಮ್‌ನ ಸ್ಟುಡಿಯೋ ಕೂಡ ಅದೇ ಊರಲ್ಲಿತ್ತು. ಎರಡೂ ಕ್ಯಾನ್ವಾಸುಗಳು 1797ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡವು.

ಗೆದ್ದವರ ಚಿತ್ರ ಎಂದಿರಿ. ಗೆದ್ದಾಗ ನಾವೂ ಬರೆಸಿದ್ದೇವೆ, ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ನೋಡಿ. ಪೊಳ್ಳಿಲೂರಿನಲ್ಲಿ ಟಿಪ್ಪುವಿನ ಕುದುರೆ ದಳ ಸಾಲುಸಾಲಾಗಿ ನುಗ್ಗುತ್ತಿದೆ, ನಡುವೆ ಇಂಗ್ಲಿಷರ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕೂತಿದ್ದಾನೆ, ಟಿಪ್ಪು ಗುಲಾಬಿ ಮೂಸುತ್ತ ಆನೆಯ ಮೇಲೆ ಬರುವಷ್ಟು ನಿರಾಳ. ಹೋಮ್‌ನ ಕ್ಯಾನ್ವಾಸಿಗೂ ಆ ಗೋಡೆಗೂ ಅಂತರ ಹತ್ತು ವರ್ಷವೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನಮ್ಮ ಚರಿತ್ರೆ ಪಾಠಗಳಲ್ಲಿ ಇಲ್ಲದ್ದು ನನಗೆ ಯಾವಾಗಲೂ ಬೇಸರದ ವಿಷಯ. ಯುದ್ಧದ ಚಿತ್ರ ಒಂದೇ ಕಡೆಯಿಂದ ಬರುತ್ತದೆ ಎಂಬ ಭ್ರಮೆ ಆಗ ಬಿಟ್ಟುಹೋಗುತ್ತಿತ್ತು.

ಕಲ್ಕತ್ತದ ಹತ್ತೊಂಬತ್ತು ವರ್ಷ ಹೋಮ್‌ನ ಸಂಪಾದನೆಯ ಕಾಲ. ಆಗಿನ ಭಾವಚಿತ್ರಕಾರರ ದರಪಟ್ಟಿ ದೇಹದ ಅಳತೆಯದು: ಬರೀ ತಲೆ-ಹೆಗಲಿಗೆ ಒಂದು ದರ, ಸೊಂಟದ ತನಕ ಒಂದು, ಕಾಲಿನ ತನಕ ಬೇಕೆಂದರೆ ಅದಕ್ಕಿಂತ ಹಲವು ಪಟ್ಟು. ಹೋಮ್ ತನ್ನ ಮುಂದೆ ಕೂತವರ ಲೆಕ್ಕದ ಪುಸ್ತಕ ಇಟ್ಟಿದ್ದ, ಅದು ಇವತ್ತಿಗೂ ಉಳಿದಿದೆ. ಚಿತ್ರಗಳಿಗಿಂತ ಆ ಪುಸ್ತಕವೇ ನನಗೆ ಹೆಚ್ಚು ಇಷ್ಟ. ಕಂಪನಿ ಸರ್ಕಾರದ ಕಲ್ಕತ್ತದಲ್ಲಿ ಯಾರ ಬಳಿ ಕಾಸಿತ್ತು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

ಅವನ ಮುಂದೆ ಕೂತವರಲ್ಲಿ ಇಬ್ಬರು ನಮಗೆ ಹತ್ತಿರದವರು. ಒಬ್ಬ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು. 1799ರ ನಂತರ ಶ್ರೀರಂಗಪಟ್ಟಣ ಅವನ ಕೈಯಲ್ಲಿತ್ತು, ಅದೇ ದರಿಯಾ ದೌಲತ್‌ನಲ್ಲಿ ವಾಸವಿದ್ದ, ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದ. ಮರಾಠರನ್ನು ಅಸ್ಸಾಯೆಯಲ್ಲಿ ಸೋಲಿಸಿದ ಮಾರನೇ ವರ್ಷ, 1804ರಲ್ಲಿ, ಕಲ್ಕತ್ತದಲ್ಲಿ ಹೋಮ್‌ನ ಮುಂದೆ ಕೂತ. ಆ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಮುಂದೆ ಗೋಯಾ, ಲಾರೆನ್ಸ್ ಬರೆದ ಪ್ರಸಿದ್ಧ ವೆಲ್ಲಿಂಗ್ಟನ್‌ಗಳ ಮುಂದೆ ಅದು ಸಾಧಾರಣ. ಮುಖದಲ್ಲಿ ಇನ್ನೂ ದಂತಕಥೆ ಇಳಿದಿಲ್ಲ, ಮೂವತ್ತೈದರ ಒಬ್ಬ ಮಹತ್ವಾಕಾಂಕ್ಷಿ ಅಧಿಕಾರಿ ಇದ್ದಾನೆ, ಅಷ್ಟೇ. ಆ ಕಾರಣಕ್ಕೇ ನನಗೆ ಅದು ಬೆಲೆಯುಳ್ಳದ್ದು.

ಇನ್ನೊಬ್ಬ ಬಂಗಾಳದ ಶ್ರೀರಾಂಪುರದ ಪಾದ್ರಿ ವಿಲಿಯಂ ಕೇರಿ. 1817ರಲ್ಲಿ ಕನ್ನಡ ವ್ಯಾಕರಣದ ಪುಸ್ತಕ ಅಚ್ಚು ಹಾಕಿಸಿದ ಅದೇ ಕೇರಿ. ಹೋಮ್ ಅವನನ್ನು ಒಬ್ಬನೇ ಬರೆಯಲಿಲ್ಲ. ಪಕ್ಕದಲ್ಲಿ ಅವನಿಗೆ ಭಾಷೆ ಹೇಳಿಕೊಟ್ಟ ಬ್ರಾಹ್ಮಣ ಪಂಡಿತ ಇದ್ದಾನೆ, ಅವನನ್ನು ಮೃತ್ಯುಂಜಯ ವಿದ್ಯಾಲಂಕಾರ ಎಂದು ಗುರುತಿಸುತ್ತಾರೆ. ಕೇರಿಯ ಕೈಯಲ್ಲಿ ಲೇಖನಿ. ಭಾಷಾಶಾಸ್ತ್ರದ ಕೆಲಸ ಹೇಗೆ ನಡೆಯುತ್ತಿತ್ತು, ಮಾತು ಯಾರ ಬಾಯಿಂದ ಬಂದು ಯಾರ ಹೆಸರಿನಲ್ಲಿ ಅಚ್ಚಾಗುತ್ತಿತ್ತು ಎಂಬುದನ್ನು ಹೋಮ್ ಉದ್ದೇಶಪಟ್ಟೋ ಪಡದೆಯೋ ಒಂದೇ ಚೌಕಟ್ಟಿನಲ್ಲಿ ಹಿಡಿದಿಟ್ಟ.

ಕಲ್ಕತ್ತದಲ್ಲೇ ಹೋಮ್ ಏಷಿಯಾಟಿಕ್ ಸೊಸೈಟಿ ಎಂಬ ವಿದ್ವಾಂಸರ ಸಂಘದ ಕಾರ್ಯದರ್ಶಿಯಾಗಿ ಕೆಲಕಾಲ ಇದ್ದ. ಪ್ರಾಣಿ, ಪಕ್ಷಿ, ಸರೀಸೃಪಗಳ ಜಲವರ್ಣ ಚಿತ್ರಗಳನ್ನು ಬರೆದ. ಇವನ್ನು ಅವನು ಮಾರಲು ಬರೆದಂತೆ ಕಾಣುವುದಿಲ್ಲ. ಮೂರ್‌ಹೌಸ್‌ನ ಮೇಲೆ ಸುರಿದ ನಾಟಕೀಯ ಬೆಳಕಿಗೆ ಇಲ್ಲಿ ಜಾಗವಿಲ್ಲ. ಬಾಲ, ಉಗುರು, ಕೊಕ್ಕು ಎಲ್ಲಕ್ಕೂ ಅವನ ಕಣ್ಣು ಅಷ್ಟೇ ತಾಳ್ಮೆ ಕೊಡುತ್ತದೆ.

ಲಖನೌ ಅಧ್ಯಾಯ ಮಾತ್ರ ಬೇರೆಯೇ ಲೋಕ. 1814ರಲ್ಲಿ ಅರವತ್ತೆರಡು ವರ್ಷದ ಹೋಮ್, ಅವಧದ ಹೊಸ ನವಾಬ ಗಾಜಿಯುದ್ದೀನ್ ಹೈದರನ ಆಸ್ಥಾನ ಚಿತ್ರಗಾರನಾದ. ನವಾಬನಿಗೆ ಬರೀ ಭಾವಚಿತ್ರಗಾರ ಸಾಕಾಗಿರಲಿಲ್ಲ. 1819ರಲ್ಲಿ ಕಂಪನಿಯವರ ಕುಮ್ಮಕ್ಕಿನಿಂದ ಅವನು ದೆಹಲಿಯ ಬಾದಶಹನ ಹಂಗು ಕಳಚಿಕೊಂಡು ‘ರಾಜ’ ಎಂದು ಪಟ್ಟ ಕಟ್ಟಿಸಿಕೊಂಡ. ರಾಜನಾದ ಮೇಲೆ ಕಿರೀಟ ಬೇಕು, ಸಿಂಹಾಸನ ಬೇಕು, ಮೆರವಣಿಗೆಗೆ ಸಾರೋಟು, ಆನೆಗೆ ಅಂಬಾರಿ, ಗೋಮತಿ ನದಿಯಲ್ಲಿ ತೇಲಲು ದೋಣಿ ಬೇಕು, ಅದೂ ಮುಘಲರದ್ದರ ಹಾಗಿರಬಾರದು. ಅವಕ್ಕೆಲ್ಲ ನಕ್ಷೆ ಬರೆದುಕೊಟ್ಟವನು ಹೋಮ್. ಆ ನಕ್ಷೆಗಳ ಆಲ್ಬಂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅವಧದ ಲಾಂಛನ ಜೋಡಿ ಮೀನು, ಆ ಕಾಲದ ಲಖನೌನಲ್ಲಿ ಬಾಗಿಲಿನ ಕಮಾನಿನ ಮೇಲೂ ಅದೇ. ಒಂದು ಕಾಲಕ್ಕೆ ರೋಮ್‌ನಲ್ಲಿ ರಫೇಲನ ಚಿತ್ರಗಳ ಮುಂದೆ ಕೂತವನು ಮುಪ್ಪಿನಲ್ಲಿ ಕುರ್ಚಿಯ ಕಾಲು ಹೇಗಿರಬೇಕು, ಕಿರೀಟದ ಗರಿ ಎತ್ತ ಬಾಗಬೇಕು ಎಂದು ತೀರ್ಮಾನಿಸುತ್ತಿದ್ದ. ಹೀನ ಕೆಲಸ ಎಂದು ಕಲಾಚರಿತ್ರೆಯವರು ಮೂಗು ಮುರಿದದ್ದುಂಟು. ನನಗೆ ಹಾಗನ್ನಿಸುವುದಿಲ್ಲ. ಒಂದು ಹೊಸ ರಾಜ್ಯದ ಕಣ್ಣಿಗೆ ಕಾಣುವ ರೂಪವನ್ನೇ ಒಬ್ಬ ಮನುಷ್ಯ ಬರೆದುಕೊಡುವುದು ಎಷ್ಟು ಜನರ ಪಾಲಿಗೆ ಬಂದೀತು?

1824ರಲ್ಲಿ ಲಖನೌಗೆ ಬಂದ ಕಲ್ಕತ್ತದ ಬಿಷಪ್ ಹೀಬರ್ ತನ್ನ ಪ್ರವಾಸದ ಬರಹದಲ್ಲಿ ಹೋಮ್‌ನನ್ನು ನೆನೆದಿದ್ದಾನೆ. ಯುರೋಪಿನಲ್ಲೇ ಉಳಿದಿದ್ದರೆ ಈತ ಹೆಸರಾಂತ ಚಿತ್ರಗಾರನಾಗುತ್ತಿದ್ದ, ಕೈ ಚುರುಕು, ರುಚಿ ಒಳ್ಳೆಯದು, ಆದರೆ ನೋಡಿ ಕಲಿಯಲು ತನ್ನ ಚಿತ್ರಗಳನ್ನು ಬಿಟ್ಟು ಬೇರೆ ಇಲ್ಲ, ದೊರೆಯನ್ನು ಮೆಚ್ಚಿಸಲು ಬಣ್ಣ ಢಾಳಾಗಿ ಹಚ್ಚಬೇಕಾಗುತ್ತದೆ ಎಂಬುದು ಅವನ ಮಾತಿನ ಸಾರ. ಬಣ್ಣದ ಬಗ್ಗೆ ಹೇಳಿದ್ದು ಸರಿ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಯುರೋಪಿನಲ್ಲಿ ಉಳಿದಿದ್ದರೆ ಹೋಮ್ ಸ್ಟುವರ್ಟ್‌ನ ಹಿಂದೆ, ಲಾರೆನ್ಸ್‌ನ ಹಿಂದೆ ಸಾಲಿನಲ್ಲಿ ನಿಂತಿರುತ್ತಿದ್ದ. 1827ರಲ್ಲಿ ಗಾಜಿಯುದ್ದೀನ್ ತೀರಿಕೊಂಡ ಮೇಲೆ ಹೋಮ್ ಕಾನ್‌ಪುರಕ್ಕೆ ಹೋಗಿ ನೆಲೆಸಿದ, 1834ರಲ್ಲಿ ಅಲ್ಲೇ ಸತ್ತ. ನಲವತ್ತಮೂರು ವರ್ಷ ಈ ದೇಶದಲ್ಲಿ ಕಳೆದವನು ಊರಿಗೆ ಮರಳಲೇ ಇಲ್ಲ.

ಈಗ ನಿಮ್ಮ ಸಾವನದುರ್ಗಕ್ಕೆ ಬರೋಣ. ಆ ಕೋಟೆ 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಸೇನೆಯ ಕೈಗೆ ಬಿತ್ತು. ಸುತ್ತ ದಟ್ಟ ಕಾಡು, ಜ್ವರ. ಹತ್ತಲಾಗದ ಬಂಡೆ ಎಂದು ಹೆಸರಾಗಿತ್ತು. ಫಿರಂಗಿ ಗೋಡೆ ಒಡೆದ ಮೇಲೆ ಲಗ್ಗೆ ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ. ಇಷ್ಟು ಸುಲಭಕ್ಕೆ ಸಿಕ್ಕ ಕೋಟೆಯನ್ನು ಚಿತ್ರದಲ್ಲಿ ಎಷ್ಟು ಭಯಂಕರವಾಗಿ ತೋರಿಸಿದರೆ ಗೆದ್ದವರಿಗೆ ಅಷ್ಟು ಮೆರುಗು, ಇದನ್ನು ನೆನಪಿಟ್ಟು ನೋಡಿ. ಇನ್ನೊಂದು ಮಾತು. ನಿಮ್ಮ ಕೈಯಲ್ಲಿರುವುದು ಹೋಮ್‌ನ ಗೆರೆ ಅಲ್ಲ. ಅವನು ಸ್ಥಳದಲ್ಲಿ ಬರೆದ ಚಿತ್ರ ಹಡಗಿನಲ್ಲಿ ಲಂಡನ್ ಮುಟ್ಟಿ, ಅಲ್ಲಿ ನಮ್ಮ ಬಂಡೆ, ಹುಣಸೆಮರ, ತಾಳೆಮರ ಯಾವುದನ್ನೂ ಕಾಣದ ಕೆತ್ತನೆಗಾರ ಅದನ್ನು ತಾಮ್ರದ ತಗಡಿನ ಮೇಲೆ ಉಳಿಯಿಂದ ಕೆತ್ತಿದ. ಈ ಬಗೆಯ ಪ್ರಿಂಟಿನಲ್ಲಿ ಚಿತ್ರದ ಕೆಳಗೆ ಎಡ ಮೂಲೆಯ ಹೆಸರು ಬರೆದವನದು, ಬಲ ಮೂಲೆಯ ಹೆಸರು ಕೆತ್ತಿದವನದು. ನಿಮ್ಮದರಲ್ಲಿ ಎರಡೂ ಇದೆಯೇ ನೋಡಿ. ಬೆಟ್ಟದ ಆಕಾರ, ಗೋಡೆಗಳ ಸಾಲು ಹೋಮ್‌ನದು ಎಂದು ಹೆಚ್ಚುಕಮ್ಮಿ ನಂಬಬಹುದು. ಮುಂದಿರುವ ಮರಗಿಡ, ಮೋಡಗಳ ವಿಷಯದಲ್ಲಿ ಕೆತ್ತನೆಗಾರನ ಇಂಗ್ಲೆಂಡು ಎಷ್ಟು ನುಸುಳಿದೆಯೋ ಹೇಳಲಾಗದು. ನೀವು ಆ ಊರಿನವರೇ. ಅಂಗಡಿಯವರಿಗಿಂತ, ನನಗಿಂತ, ಆ ಬಂಡೆಯನ್ನು ನಿತ್ಯ ನೋಡುವ ನಿಮಗೇ ಅದು ಗೊತ್ತಾಗಬೇಕು. ಒಂದು ಬೆಳಿಗ್ಗೆ ಚಿತ್ರದ ಫೋಟೊ ಇಟ್ಟುಕೊಂಡು ಬೆಟ್ಟದ ಸುತ್ತ ನಡೆದರೆ ಅವನು ಯಾವ ಕಡೆ ನಿಂತಿದ್ದ ಎಂಬುದೂ ಸಿಕ್ಕೀತು.

ಅಸಲಿಯೋ ಅಲ್ಲವೋ ತಿಳಿಯಲು ಮೊದಲು ಒಂದು ಭೂತಗನ್ನಡಿ ತೆಗೆದುಕೊಳ್ಳಿ. ನೆರಳಿರುವ ಜಾಗವನ್ನು ನೋಡಿ. ಸಣ್ಣ ಸಣ್ಣ ಚುಕ್ಕಿಗಳು ಸಾಲಾಗಿ ಕಂಡರೆ ಅಲ್ಲಿಗೆ ಬಿಟ್ಟುಬಿಡಿ. ಅದು ಫೋಟೊ ತೆಗೆದು ಅಚ್ಚು ಹಾಕಿದ ಈಚಿನ ಪ್ರತಿ, ಪುಸ್ತಕದಿಂದ ಕತ್ತರಿಸಿದ್ದೂ ಆಗಿರಬಹುದು. ಗೆರೆಗಳು ಒಂದು ತುದಿಯಲ್ಲಿ ಚೂಪಾಗಿ, ನಡುವೆ ದಪ್ಪಗಾಗಿ, ಶಾಯಿ ಕಾಗದದ ಮೇಲೆ ಒಂದಿಷ್ಟು ಎದ್ದು ನಿಂತಂತಿದ್ದರೆ ತಾಮ್ರದ ತಗಡಿನಿಂದ ಬಂದದ್ದು. ಆಗ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುಳಿ ಇದೆಯೇ ಬೆರಳಾಡಿಸಿ ನೋಡಿ; ಅಂಚು ಕತ್ತರಿಸಿದ್ದರೆ ಅದು ಇರುವುದಿಲ್ಲ, ಅದರಿಂದಲೇ ನಕಲಿ ಎನ್ನಲಾಗದು. ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿಯಿರಿ. ಆ ಕಾಲದ ಇಂಗ್ಲಿಷ್ ಕಾಗದ ಹಳೇ ಬಟ್ಟೆಯ ತಿರುಳಿನದು, ಇನ್ನೂರು ವರ್ಷವಾದರೂ ಮೆತ್ತಗೆ ಗಟ್ಟಿಯಾಗಿರುತ್ತದೆ. ಮಡಿಸಿದರೆ ಮುರಿಯುವ ಹಳದಿ ಕಾಗದ ಮರದ ತಿರುಳಿನದು, ಅಂದರೆ 19ನೇ ಶತಮಾನದ ನಡುವಿನ ಈಚಿನದು. 1794ರಲ್ಲಿ ಬಂದ ಒಂದು ತೆರಿಗೆ ಕಾನೂನಿನಿಂದಾಗಿ ಇಂಗ್ಲೆಂಡಿನ ಕಾಗದದವರು, ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ನೀರುಗುರು‌ತಿನಲ್ಲಿ ಇಸವಿಯನ್ನೂ ಹಾಕಲು ಶುರುಮಾಡಿದರು. ‘ವಾಟ್‌ಮನ್’ ಎಂಬ ಕಾಗದ ತಯಾರಕನ ಹೆಸರೂ ಅದರ ಕೆಳಗೆ ಇಸವಿಯೂ ಕಂಡರೆ, ಕಾಗದ ಅದಕ್ಕಿಂತ ಹಳೆಯದಲ್ಲ ಎಂದಾಯಿತು. ತಗಡು ಉಳಿದಿದ್ದರೆ ಎಷ್ಟೋ ವರ್ಷದ ಮೇಲೂ ಅಚ್ಚು ಹಾಕಬಹುದು, ಹಾಗಾಗಿ ಚಿತ್ರದಲ್ಲಿರುವ 1794 ಒಂದನ್ನೇ ನೆಚ್ಚಬೇಡಿ. ಯಾರಾದರೂ ಇದೇ ಚಿತ್ರದ ಬಣ್ಣದ ಪ್ರತಿ ತೋರಿಸಿದರೆ, ಬಣ್ಣ ಆಮೇಲೆ ಕೈಯಿಂದ ಬಳಿದದ್ದು ಎಂದುಕೊಳ್ಳಿ. ಕೆಲವು ಸಲ ಮಾರುವುದಕ್ಕೆ ನಿನ್ನೆ ಮೊನ್ನೆ ಬಳಿದದ್ದೂ ಇರುತ್ತದೆ.

ಇಷ್ಟೂ ಪರೀಕ್ಷೆಗೆ ಫ್ರೇಮ್ ಬಿಚ್ಚಲೇಬೇಕು. ಬಿಚ್ಚುವಾಗ ಹಿಂದಿನ ರಟ್ಟು, ಅದರ ಮೇಲಿನ ಚೀಟಿ ಯಾವುದನ್ನೂ ಎಸೆಯಬೇಡಿ. ಮತ್ತೆ ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ಸುತ್ತ ದಪ್ಪ ರಟ್ಟಿನ ಅಂಚು ಇಡಲು ಹೇಳಿ, ಗಾಜಿಗೆ ಅಂಟಿದ ಚಿತ್ರ ಒಂದು ಮಳೆಗಾಲದಲ್ಲಿ ಹಾಳಾಗುತ್ತದೆ. ಗೋಂದು, ಸೆಲ್ಲೋಟೇಪ್ ಹತ್ತಿರ ಬರಗೊಡಬೇಡಿ. ಬಿಸಿಲು ಬೀಳುವ ಗೋಡೆ ಬೇಡ.